ಜಂಬಪ್ಪನ ತೋಳಿನ ಕಾಡಿಗೆ ಬೊಟ್ಟು

ನನ್ನ ಅಕ್ಷರ ಸೊಟ್ಟ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಮಾತುಗಳೂ ಅಷ್ಟು ನಯವಾಗಿಲ್ಲ. ಓದುವವರು ಮನ್ನಿಸಬೇಕು. ಇದು ನಮ್ಮ ಓಣಿಯ ದುರ್ಗಕ್ಕನ ವಿಷಯ.

ಗಣಿ ಕೆಲಸ ಜೋರಾದಾಗಿನಿಂದ ರಾಯಚೂರು ಕಡೆಯ ಕೂಲಿ ಮಂದಿ ಸಂಸಾರ ಕಟ್ಟಿಕೊಂಡು ಸಂಡೂರಿಗೆ ಹೊರಡುತ್ತಾರೆ. ಆನೆಗೊಂದಿ ದಡದಲ್ಲಿ ಹರಿಗೋಲು ಹತ್ತಿ ಹೊಳೆ ದಾಟಿದರೆ, ಆಚೆ ತಳವಾರಘಟ್ಟದಲ್ಲಿ ಅವರಿಗಾಗಿ ಲಾರಿ ಕಾದಿರುತ್ತದೆ. ದುರ್ಗಕ್ಕನ ತಮ್ಮ ಜಂಬಪ್ಪ ಹುಟ್ಟು ಹಾಕುತ್ತಾನೆ. ದುರ್ಗಕ್ಕ ಈಚೆ ದಡದಲ್ಲಿ ನಿಂತು ಜನರನ್ನು ಹತ್ತಿಸುತ್ತಾಳೆ.

ಹಿಂದೊಮ್ಮೆ ಭಾರ ಹೆಚ್ಚಾಗಿ ಬೇರೆ ಯಾರದೋ ಹರಿಗೋಲು ಮಗುಚಿತ್ತು. ಅದರಲ್ಲಿ ಎಷ್ಟು ಮಕ್ಕಳಿದ್ದವೆಂದು ಯಾರಿಗೂ ಹೇಳಲಾಗಲಿಲ್ಲ. ಹುಡುಕುವುದನ್ನು ಯಾವಾಗ ನಿಲ್ಲಿಸಬೇಕೆಂಬುದೇ ಈಜುವವರಿಗೆ ತಿಳಿಯಲಿಲ್ಲ. ಅದನ್ನು ಕಣ್ಣಾರೆ ಕಂಡವಳು ದುರ್ಗಕ್ಕ.

ದೊಡ್ಡವರನ್ನು ಎಣಿಸುವುದು ಸುಲಭ. ಮಕ್ಕಳನ್ನು ಎಣಿಸಲು ತಾಯಂದಿರು ಬಿಡುವುದಿಲ್ಲ. ಎಣಿಸಿದ ಕೂಸಿಗೆ ದೃಷ್ಟಿ ತಾಗುತ್ತದೆಂದು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಾರೆ. ಅದಕ್ಕೇ ದುರ್ಗಕ್ಕ ಎಣಿಸುವುದಿಲ್ಲ. ಕಾಡಿಗೆ ಡಬ್ಬಿ ಹಿಡಿದು, "ತೋರ್ಸವ್ವಾ ನಿನ್ನ ಕೂಸಿನ ಕೆನ್ನಿ, ಹೊಳಿ ದಾಟೂಮುಂದ ದೃಷ್ಟಿಬೊಟ್ಟು ಬೇಕು" ಎನ್ನುತ್ತಾಳೆ. ಸೆರಗು ತಾನಾಗಿ ಸರಿಯುತ್ತದೆ. ಕೂಸಿನ ಕೆನ್ನೆಗೊಂದು ಬೊಟ್ಟು, ಅದೇ ಬೆರಳಿನಿಂದ, ಹಿಂದಿನ ಸಲದ ಬೊಟ್ಟು ಒರೆಸಿದ ಜಂಬಪ್ಪನ ತೋಳಿಗೊಂದು.

"ನನ್ನ ಚಂದಕ್ಕೂ ದೃಷ್ಟಿ ಬೀಳ್ತದೇನಕ್ಕಾ?"

"ನಿನ್ನ ಮಾರಿ ನೋಡಿದ್ರ ದೃಷ್ಟೀನ ಓಡಿಹೋಗ್ತದ. ಸುಮ್ನ ತೋಳು ಚಾಚಲೇ."

ತೋಳಿನ ಮೇಲೆ ಬೊಟ್ಟು ಹೆಚ್ಚಾದರೆ ಒಬ್ಬಿಬ್ಬರು ದೊಡ್ಡವರು ಮುಂದಿನ ಸಲಕ್ಕೆ ಉಳಿಯಲೇಬೇಕು. ಎಷ್ಟು ಬೈದರೂ ಅವಳು ಜಗ್ಗುವುದಿಲ್ಲ. ಬೈದವರಿಗೇ ಚೀಲ ಹಾಸಿ, "ಕುಂದ್ರಿ, ನೀರು ಕುಡೀರಿ" ಎಂದು ಉಪಚರಿಸುತ್ತಾಳೆ.

ಕಳೆದ ವಾರ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆಂದು ಸುದ್ದಿ ಬಂತು. ಅಷ್ಟರಲ್ಲಿ ಅಂದಿನ ಕೊನೆಯ ಹರಿಗೋಲು ಹೋಗಿತ್ತು. ಜಂಬಪ್ಪ ಜನರನ್ನು ಇಳಿಸಿ ಒಬ್ಬನೇ ವಾಪಸು ಬಂದ.

"ಎಲ್ಲಾರು ಇಳದ್ರೇನಲೇ?"

"ಇಳದ್ರಕ್ಕ. ನಡುವ ಕಲ್ಲಿಗೆ ಸಿಕ್ಕಿತ್ತು. ಎಲ್ಲಾರನ್ನೂ ಬಂಡೆ ಮ್ಯಾಲ ಇಳಿಸಿ, ಹರಿಗೋಲು ದಬ್ಬಿ, ಮತ್ತ ಹತ್ತಿಸ್ಕೊಂಡೆ. ಆ ಲಾರಿ ಡ್ರೈವರ್ ಹಾರ್ನ್ ಹೊಡದೂ ಹೊಡದೂ ಗಡಿಬಿಡಿ ಮಾಡಿಬಿಟ್ಟ."

"ಕೂಸುಗಳು?"

ಜಂಬಪ್ಪ ತೋಳು ನೋಡಿಕೊಂಡ. ನಾಲ್ಕು ಬೊಟ್ಟು. ಅವನ ದನಿ ಸಣ್ಣಗಾಯಿತು. "ನಾನು ಇಳಿಸಿಕೊಟ್ಟಿದ್ದು ಮೂರ ಅಕ್ಕಾ. ಇನ್ನೊಂದನ್ನ ಅವರವ್ವನ ಎತ್ಗೊಂಡು ಇಳದಿರಬೇಕು."

"ಇರಬೇಕು ಅನ್ನೂದು ಬ್ಯಾಡ. ಹುಟ್ಟು ಹಿಡಿ."

ದುರ್ಗಕ್ಕ ಸೀರೆ ಎತ್ತಿ ಸಿಕ್ಕಿಸಿ ತಾನೂ ಹತ್ತಿದಳು. ನೀರು ಕೆಂಪಾಗಿ ಏರುತ್ತಿತ್ತು. ನಡುಹೊಳೆಯ ಬಂಡೆಯಲ್ಲಿ ಈಗ ಹಾಸಿಗೆಯಷ್ಟು ಜಾಗ ಉಳಿದಿತ್ತು. ಅದರ ಮೇಲೊಂದು ದುಪ್ಪಟಿ. ಅದರೊಳಗೆ ಕೂಸು ಬಾಯಲ್ಲಿ ಬೆರಳಿಟ್ಟು ನಿದ್ದೆ ಹೋಗಿತ್ತು. ದುಪ್ಪಟಿಯ ಅಂಚು ಆಗಲೇ ತೊಯ್ದಿತ್ತು.

ಆಚೆ ದಡದಲ್ಲಿ ತಾಯಿಯನ್ನು ನಾಲ್ಕಾರು ಮಂದಿ ಹಿಡಿದುಕೊಂಡಿದ್ದರು. ನಾದಿನಿಯ ಕೈಯಲ್ಲಿದೆ ಎಂದು ತಾಯಿ, ತಾಯಿಯ ಹತ್ತಿರ ಇದೆ ಎಂದು ನಾದಿನಿ. ಲಾರಿ ಹತ್ತಿದ ಮೇಲೆ ಗೊತ್ತಾಗಿ ತಾಯಿ ಹೊಳೆಗೆ ಹಾರಲು ಓಡಿಬಂದಿದ್ದಳು. ದುರ್ಗಕ್ಕ ಕೂಸನ್ನು ಅವಳ ಮಡಿಲಿಗೆ ಹಾಕಿದಳು. ಅವಳು ಕಾಲಿಗೆ ಬೀಳಲು ಬಗ್ಗಿದಾಗ, "ನನ್ನ ಕಾಲು ಬಿಡವ್ವಾ, ಕೂಸನ್ನ ಹಿಡಿ. ಮದ್ಲ ಹಾಲು ಕುಡಿಸು" ಎಂದಳು. ಆಮೇಲೆ ಡ್ರೈವರನ ಕಡೆ ತಿರುಗಿದಳು. "ಇನ್ನೊಮ್ಮೆ ಹಾರ್ನ್ ಹೊಡಿ, ಕಿತ್ತು ಹೊಳಿಗೆ ಒಗೀತೀನಿ."

"ತಪ್ಪಾತ್ರಿ ಅಮ್ಮಾ" ಎಂದು ಅವನು ತಲೆ ಬಗ್ಗಿಸಿದ.

ಮರುದಿನ ದುರ್ಗಕ್ಕ ನಮ್ಮ ಕಟ್ಟೆಯ ಮೇಲೆ ಬಂದು ಕೂತಳು. "ಹತ್ತಿಸೂ ದಂಡಿಗೆ ನಾನದೀನಿ. ಇಳಿಯೂ ದಂಡಿಗೆ ಯಾರದಾರ? ಜಂಬನ ತೋಳು ನೋಡಿ, ಇಳಿದ ಕೂಸುಗಳ ಕೆನ್ನಿ ನೋಡಿ, ಆಮ್ಯಾಲ ಲಾರಿ ಬಿಡೂ ಮಂದಿ ಒಬ್ರು ಬೇಕು."

ಹೊಳೆ ಇಳಿದ ಮೇಲೆ ಸೋಮವಾರದಿಂದ ಹರಿಗೋಲು ಮತ್ತೆ ಶುರುವಾಗುತ್ತದೆ. ಅವತ್ತಿನಿಂದ ತಳವಾರಘಟ್ಟದ ದಡದಲ್ಲಿ ನಾನು ನಿಲ್ಲುತ್ತೇನೆ.