ಮುದ್ದೆ ಅಗಿದ ಎರಡು ವರ್ಷ

ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟರೆ ಸೀದಾ ಹೊಟ್ಟೆಗೆ. ಹಲ್ಲಿಗೆ ಅಲ್ಲಿ ಕೆಲಸವೇ ಇಲ್ಲ. ಮುದ್ದೆ ಅಗಿಯುವವರನ್ನು ಕಂಡರೆ ನಮ್ಮತ್ತೆ, ಇವರಿಗೆ ಊಟ ಮಾಡುವುದನ್ನೇ ಯಾರೂ ಕಲಿಸಿಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ. ಅಂಥವರ ಎದುರಿಗೆ ಕೂತು ನಾನು ಎರಡು ವರ್ಷ ಮುದ್ದೆಯನ್ನು ಕದ್ದು ಅಗಿದೆ.

ಕದ್ದು ಅಗಿಯುವುದಕ್ಕೆ ಕಾರಣ, ಕದ್ದು ತಿಂದದ್ದು. ಒಂದು ಶ್ರಾವಣದಲ್ಲಿ ನಮಗೆ, ಹೈಸ್ಕೂಲಿನ ವಿಜ್ಞಾನ ಶಿಕ್ಷಕರಿಗೆ, ಹಿರಿಯೂರಿನಲ್ಲಿ ಒಂದು ದಿನದ ತರಬೇತಿ ಇತ್ತು. ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಶ್ರಾವಣವೆಂದರೆ ಹುಡುಗಾಟವಲ್ಲ. ಕುರಿ ಸಾಕಿ ಬಾಳಿದ ಮನೆತನ. ಹನ್ನೊಂದು ತಿಂಗಳು ಬಾಡೂಟಕ್ಕೆ ನೆಪ ಹುಡುಕುವವರು ಆ ಒಂದು ತಿಂಗಳು ಮೊಟ್ಟೆಯ ಹೆಸರನ್ನೂ ಎತ್ತುವುದಿಲ್ಲ. ಅತ್ತೆ ಬಾಡಿನ ಪಾತ್ರೆ, ಸೌಟು ಎಲ್ಲವನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ಅಟ್ಟಕ್ಕೇರಿಸುತ್ತಾರೆ. ತರಬೇತಿ ಮುಗಿಸಿ ಹೆದ್ದಾರಿ ಪಕ್ಕದ ಹೋಟೆಲಿಗೆ ಹೋದಾಗ ಜೊತೆಯವರು ಮಟನ್ ಸಾರು ತರಿಸಿದರು. ವಾಸನೆ ಮೂಗಿಗೆ ಬಡಿಯಿತು. ನಾನೂ ತರಿಸಿಕೊಂಡೆ. ಆಸೆಗೆ ತಿಂದೆ, ಬೇರೆ ಯಾವ ಕಾರಣವೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುವಾಗ ಗಂಟಲಿನ ಎಡಕ್ಕೆ ಏನೋ ಚುಚ್ಚಿತು. ಮೂಳೆಯ ಚೂರು ಸಿಕ್ಕಿಕೊಂಡಿದೆ ಎಂದುಕೊಂಡೆ. ಬಾಳೆಹಣ್ಣು ನುಂಗಿದೆ, ಅನ್ನದ ಉಂಡೆ ಮಾಡಿ ನುಂಗಿದೆ, ಬಾತ್‌ರೂಮಿನಲ್ಲಿ ನಿಂತು ಬೆರಳು ಹಾಕಿ ನೋಡಿದೆ. ಅದು ಅಲ್ಲಾಡಲಿಲ್ಲ. ಮುದ್ದೆಯ ತುತ್ತನ್ನು ಇಡಿಯಾಗಿ ನುಂಗಿದರೆ ಚುಚ್ಚುತ್ತಿತ್ತು, ಅಂದಿನಿಂದ ಕದ್ದು ಅಗಿಯತೊಡಗಿದೆ. ತಿಂಗಳೊಪ್ಪತ್ತಿನಲ್ಲಿ ನೋವು ಕತ್ತಿಗೂ ಬಂತು. ಎಡಗಿವಿಯ ಹಿಂದಿನಿಂದ ಹೊರಟು ಭುಜದವರೆಗೆ ಎಳೆಯುತ್ತಿತ್ತು. ಬೋರ್ಡಿನಿಂದ ಮಕ್ಕಳ ಕಡೆ ತಿರುಗಬೇಕಾದರೆ ಕತ್ತಿನ ಬದಲು ಇಡೀ ಮೈಯನ್ನೇ ತಿರುಗಿಸುತ್ತಿದ್ದೆ. ಹಿಂದಿನ ಬೆಂಚಿನವರು ನನ್ನ ಹಾಗೆಯೇ ತಿರುಗಿ ತೋರಿಸಿ ನಗುವುದು ಕಿವಿಗೆ ಬೀಳುತ್ತಿತ್ತು. ಬೈಯುವ ಚೈತನ್ಯ ನನ್ನಲ್ಲಿರಲಿಲ್ಲ.

ಅಸ್ಥಿಪಂಜರದ ಪಟ ತೂಗುಹಾಕಿ ಇನ್ನೂರ ಆರು ಮೂಳೆಗಳ ಪಾಠ ಮಾಡುವವಳು ನಾನು. ಒಂದು ಚೂರು ಮೂಳೆ ಗಂಟಲಲ್ಲಿ ಅಷ್ಟು ಕಾಲ ಸುಮ್ಮನೆ ಕೂತಿರಲಾರದು ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಶ್ರಾವಣದಲ್ಲಿ ತಿಂದದ್ದಕ್ಕೆ ಬೇರೆಯದೇ ನಿಯಮವಿರಬಹುದು ಎಂಬ ಹೆದರಿಕೆ. ಆ ಹೆದರಿಕೆ ತಗ್ಗಿದ ದಿನ ಇನ್ನೊಂದು ತಲೆ ಎತ್ತುತ್ತಿತ್ತು: ಮೂಳೆಯಲ್ಲದಿದ್ದರೆ ಗಡ್ಡೆ. ಫೋನಿನಲ್ಲಿ ಹುಡುಕಿದರೆ ನಾಲ್ಕನೇ ಸಾಲಿಗೇ ಕ್ಯಾನ್ಸರ್ ಬರುತ್ತಿತ್ತು. ಫೋನನ್ನು ಬೋರಲು ಹಾಕಿ, ಎಂಜಲು ನುಂಗಿ ನೋಡುತ್ತಿದ್ದೆ. ಚುಚ್ಚುತ್ತಿತ್ತು. ದಿನಕ್ಕೆ ಎಷ್ಟು ಸಲ ಹಾಗೆ ನುಂಗಿ ನೋಡಿದೆನೋ ದೇವರೇ ಬಲ್ಲ.

ಕತ್ತುನೋವಿಗೆ ನಾಚಿಕೆಯಿಲ್ಲ, ಅದನ್ನು ಯಾರಿಗೆ ಬೇಕಾದರೂ ಹೇಳಬಹುದು. ಯಜಮಾನರು ತೆಂಗಿನಕಾಯಿ ವ್ಯಾಪಾರಕ್ಕೆಂದು ವಾರವಿಡೀ ಊರೂರು ಸುತ್ತುವವರು. ಹಾಗಾಗಿ ನನ್ನ ಕತ್ತಿನ ಉಸ್ತುವಾರಿಯನ್ನು ಅತ್ತೆಯೇ ವಹಿಸಿಕೊಂಡರು. ಮೊದಲು ಹೊಸದುರ್ಗದ ಕಡೆ ಒಂದು ಹಳ್ಳಿಗೆ ಕರೆದೊಯ್ದರು. ಅಲ್ಲಿ ಉಳುಕು ತೆಗೆಯುವ ಅಜ್ಜ ಒಬ್ಬರಿದ್ದರು. ಕುರಿಯ ಕಾಲನ್ನೂ ಮನುಷ್ಯರ ಕತ್ತನ್ನೂ ಒಂದೇ ಕೈಯಲ್ಲಿ ನೋಡುವವರು. "ಬರ್ರಿ, ಕುಂತ್ಕಳ್ರಿ" ಎಂದವರೇ ಎಣ್ಣೆ ಸವರಿ ಕತ್ತನ್ನು ಒಮ್ಮೆ ಎತ್ತಿ ತಿರುಗಿಸಿದರು. ಕಣ್ಣಲ್ಲಿ ನೀರು ಚಿಲ್ಲೆಂದಿತು.

"ಉಳುಕಲ್ಲ ಇದು. ಒಳಗೇನೋ ಬ್ಯಾರೆ ಐತೆ. ದವಾಖಾನೆಗೆ ತೋರಿಸ್ರಿ" ಎಂದರು ಅಜ್ಜ.

ಚಿತ್ರದುರ್ಗದ ಮೂಳೆ ಡಾಕ್ಟರು ಕತ್ತಿನ ಎಕ್ಸ್‌ರೇ ತೆಗೆಸಿ, ಸ್ವಲ್ಪ ಸವೆತವಿದೆ ಎಂದು ಕತ್ತಿಗೆ ಪಟ್ಟಿ, ಮಾತ್ರೆ, ವ್ಯಾಯಾಮ ಕೊಟ್ಟರು. ಪ್ರತಿ ಸಲವೂ ಕೊನೆಗೆ ಕೇಳುತ್ತಿದ್ದರು, "ಬೇರೆ ಏನಾದರೂ ತೊಂದರೆ?" ಪಕ್ಕದ ಸ್ಟೂಲಿನ ಮೇಲೆ ಅತ್ತೆ. "ಇಲ್ಲ ಸಾರ್" ಎನ್ನುತ್ತಿದ್ದೆ.

ಆರು ತಿಂಗಳಾದರೂ ನೋವು ಇಳಿಯದಿದ್ದಾಗ ಅತ್ತೆ ಒಂದು ಸೋಮವಾರ ದೇವರ ಮುಂದೆ ಕೈಮುಗಿದು, ಸೊಸೆಯ ಕತ್ತು ಪೂರ್ತಿ ನೆಟ್ಟಗಾಗುವವರೆಗೂ ಬಾಡು ಮುಟ್ಟುವುದಿಲ್ಲ ಎಂದು ಹರಕೆ ಹೊತ್ತರು. ಕುರಿಯ ತೊಡೆಯನ್ನು ಕಣ್ಣಲ್ಲೇ ತೂಗಿ ಹೇಳುವ ಹೆಂಗಸು ಅವರು. ಹಬ್ಬದ ದಿನ ಎಲ್ಲರಿಗೂ ಬಡಿಸಿ, ತಾವು ಮೂಲೆಯಲ್ಲಿ ಹುರುಳಿ ಸಾರಿಗೆ ಮುದ್ದೆ ಮುರಿಯುವುದನ್ನು ನೋಡಿದಾಗ ನನಗೆ ಸಂಕಟವಾಯಿತು. ಮೊದಲು ಹೇಳಲು ನಾಚಿಕೆಯಿತ್ತು, ಈಗ ಮುಖವೇ ಇಲ್ಲದಂತಾಯಿತು. ನನಗಾಗಿ ಬಾಯಿ ಕಟ್ಟಿಕೊಂಡವರ ಮುಂದೆ, ಬಾಯಿ ಕಟ್ಟದೆ ತಿಂದ ಕಥೆಯನ್ನು ಹೇಗೆ ಹೇಳುವುದು?

ಒಮ್ಮೆ ತರಬೇತಿಯ ಸುಳ್ಳು ಹೇಳಿ ಶಿವಮೊಗ್ಗದ ಬಸ್ಸು ಹತ್ತಿದೆ. ಅಲ್ಲಿನ ಗಂಟಲಿನ ಡಾಕ್ಟರು ಲೈಟು ಬಿಟ್ಟು, ಕನ್ನಡಿ ಇಟ್ಟು ನೋಡಿ, ಮೂಳೆಯೂ ಇಲ್ಲ, ಗಡ್ಡೆಯೂ ಇಲ್ಲ ಎಂದರು. "ಬೇರೆ ಎಲ್ಲಾದರೂ ನೋವಿದೆಯಾ?" ಕತ್ತು ಎಂದರೆ ಹಳೆಯ ಫೈಲು ತನ್ನಿ ಎನ್ನುತ್ತಾರೆ, ಫೈಲು ಅತ್ತೆಯ ಕೈಚೀಲದಲ್ಲಿದೆ. ಇಲ್ಲ ಎಂದೆ. ಹೀಗೆ ಕತ್ತಿನ ಡಾಕ್ಟರಿಗೆ ಗಂಟಲನ್ನು ಮುಚ್ಚಿಟ್ಟೆ, ಗಂಟಲಿನ ಡಾಕ್ಟರಿಗೆ ಕತ್ತನ್ನು ಮುಚ್ಚಿಟ್ಟೆ. ಅರ್ಧ ರೋಗ ಕಂಡು ಅವರು ತಾನೇ ಏನು ಮಾಡಿಯಾರು?

ಎರಡನೆಯ ವರ್ಷದ ಕೊನೆಗೆ ಸಿಕ್ಕಿಬಿದ್ದೆ. ಒಂದು ಮಧ್ಯಾಹ್ನ ಉಣ್ಣುವಾಗ ಅತ್ತೆ ತಮ್ಮ ತುತ್ತನ್ನು ತಟ್ಟೆಗೆ ಇಳಿಸಿದರು.

"ಏನೇ, ಮುದ್ದೆ ಅಗೀತಿದೀಯ?"

"ಹಲ್ಲುನೋವು ಅತ್ತೆ" ಎಂದೆ, ತಕ್ಷಣಕ್ಕೆ ಬಾಯಿಗೆ ಬಂದದ್ದನ್ನು.

"ಹಲ್ಲು ನೋಯೋರು ನುಂಗ್ತಾರೆ ಕಣೇ, ಅಗಿಯಲ್ಲ." ನನ್ನ ವಿಜ್ಞಾನಕ್ಕಿಂತ ಅವರ ತರ್ಕ ಗಟ್ಟಿಯಿತ್ತು. "ಹಲ್ಲೇ ಅಂತೀಯಲ್ಲ, ನಾಳೆ ಹಲ್ಲಿನ ಡಾಕ್ಟ್ರಿಗೆ ತೋರ್ಸಾಣ ನಡಿ, ದುರ್ಗಕ್ಕೆ."

ಚಿತ್ರದುರ್ಗದ ಹಲ್ಲಿನ ಡಾಕ್ಟರು ಕಿರಿಯ ವಯಸ್ಸಿನ ಹೆಣ್ಣುಮಗಳು. ಒಂದೊಂದೇ ಹಲ್ಲನ್ನು ತಟ್ಟಿ ನೋಡಿದರು, ಒಂದೂ ನೋಯಲಿಲ್ಲ. ಸುಳ್ಳಿಗೆ ಹುಳುಕು ಎಲ್ಲಿಂದ ಬರಬೇಕು? ಅನುಮಾನ ಬೇಡವೆಂದು ಇಡೀ ದವಡೆಯ ಎಕ್ಸ್‌ರೇ ತೆಗೆಸಿದರು. ಅದನ್ನು ಪರದೆಯ ಮೇಲೆ ದೊಡ್ಡದು ಮಾಡಿ, ಎಡಗಡೆಯನ್ನೇ ಮತ್ತೆ ಮತ್ತೆ ನೋಡಿದರು. ಶಿವಮೊಗ್ಗದವರು ಇಲ್ಲವೆಂದಿದ್ದರೂ ನನ್ನ ಹೆದರಿಕೆ ಹೋಗಿರಲಿಲ್ಲ. ಗಡ್ಡೆಯೇ ಇರಬೇಕು ಎಂದುಕೊಂಡೆ. ಅವರು ಗ್ಲೌಸ್ ಹಾಕಿದ ಬೆರಳನ್ನು ಗಂಟಲಿನ ಎಡಭಾಗಕ್ಕೆ ಒತ್ತಿದರು. ನೋವು ಕಿವಿಗೆ ಹಾರಿ ಕತ್ತಿಗೆ ಇಳಿಯಿತು. ಅವರ ಮಣಿಕಟ್ಟನ್ನೇ ಹಿಡಿದುಕೊಂಡುಬಿಟ್ಟೆ.

"ನುಂಗುವಾಗ ಇಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಆಗುತ್ತಾ?" ಎಂದು ಕೇಳಿದರು.

ಎಂದಿನಂತೆ ಅತ್ತೆ ನನ್ನ ಪರವಾಗಿ ಹೇಳಿದರು, "ಗಂಟ್ಲಿಗೇನೂ ಇಲ್ಲ ಕಣಮ್ಮ, ಅವ್ಳಿಗೆ ಬರೀ ಕತ್ತು."

ಹೂಂ ಎಂದು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇನ್ನೆರಡು ವರ್ಷ, ಇನ್ನೆಷ್ಟೋ ಸಲ ಎಂಜಲು ನುಂಗಿ ನೋಡುವುದು. ನನ್ನಿಂದಾಗದು ಎನಿಸಿತು.

"ಎರಡು ವರ್ಷದಿಂದ ಆಗುತ್ತೆ ಡಾಕ್ಟರ್. ಶ್ರಾವಣದಲ್ಲಿ ಹಿರಿಯೂರಲ್ಲಿ ಮಟನ್ ತಿಂದಾಗಿನಿಂದ."

ರೋಗಕ್ಕೂ ಶ್ರಾವಣಕ್ಕೂ ಏನು ಸಂಬಂಧವೆಂದು ಆ ಡಾಕ್ಟರಿಗೆ ತಿಳಿಯಲಿಲ್ಲ. ತಿಳಿದವರು ಪಕ್ಕದಲ್ಲೇ ಕೂತಿದ್ದರು. ನಾನು ಆ ಕಡೆ ನೋಡಲಿಲ್ಲ.

ಡಾಕ್ಟರು ಪರದೆಯನ್ನು ನಮ್ಮತ್ತ ತಿರುಗಿಸಿದರು. ಕಿವಿಯ ಕೆಳಗೆ ತಲೆಬುರುಡೆಯಿಂದ ದಬ್ಬಳದಂಥ ಒಂದು ಸಣ್ಣ ಮೂಳೆ ಇಳಿಯುತ್ತದಂತೆ. ನನಗೆ ಎಡಗಡೆಯದು ಇರಬೇಕಾದ್ದಕ್ಕಿಂತ ದುಪ್ಪಟ್ಟು ಉದ್ದ ಬೆಳೆದು ಗಂಟಲನ್ನು ಒಳಗಿನಿಂದ ಚುಚ್ಚುತ್ತಿತ್ತು, ಕತ್ತಿನ ನರವನ್ನೂ ಕೆಣಕುತ್ತಿತ್ತು. ಈಗಲ್ ಸಿಂಡ್ರೋಮ್ ಇರಬಹುದು, ಸಿಟಿ ಸ್ಕ್ಯಾನ್ ಮಾಡಿಸಿ ಎಂದು ಬರೆದುಕೊಟ್ಟರು. ಮೂಳೆಯೇ ಚುಚ್ಚುತ್ತಿದ್ದದ್ದು ನಿಜ, ಆದರೆ ಕುರಿಯದಲ್ಲ, ನನ್ನದೇ. ಗಡ್ಡೆಯಲ್ಲ ಎಂಬ ಸಮಾಧಾನಕ್ಕೆ ಅಲ್ಲೇ ಅತ್ತುಬಿಟ್ಟೆ.

ವಾಪಸು ಬರುವ ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತರು.

"ತಿಂದಿದ್ಕಲ್ಲ ನನ್ ಸಿಟ್ಟು" ಎಂದರು ಬಸ್ಸು ಊರು ದಾಟಿದ ಮೇಲೆ, ಹೊರಗೆ ನೋಡುತ್ತಲೇ. "ಕುರಿ ಕುಂಟಿದ್ರೆ ಯಾವ ಕಾಲು ನೋಯ್ತೈತೆ ಅಂತ ಅದು ಹೇಳಲ್ಲ. ನಾವೇ ಒಂದೊಂದು ಕಾಲೂ ಹಿಡ್ದು ನೋಡ್ತೀವಿ. ನಿಂಗೆ ಬಾಯೈತಲ್ಲೇ! ಎಲ್ಡು ವರ್ಷ ನಿನ್ ಕೂಡೆ ದವಾಖಾನೆ ಸುತ್ತಿದೀನಿ. ನಾನಿದ್ದಿದ್ಕೇ ನೀನು ಹೇಳ್ಲಿಲ್ಲ ಅಂದ್ರೆ, ನಾನ್ಯಾಕೆ ಬರಬೇಕಿತ್ತು?"

ಅವರ ಕೈ ಹಿಡಿದುಕೊಂಡೆ. ಕೊಸರಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

ಸ್ಕ್ಯಾನು ಡಾಕ್ಟರ ಮಾತನ್ನು ಖಚಿತಪಡಿಸಿತು. ಆಪರೇಷನ್ ದಾವಣಗೆರೆಯಲ್ಲಿ. ಬಾಯಿಯ ಮೂಲಕವೇ ಮೂಳೆಯ ತುದಿ ಕತ್ತರಿಸುತ್ತೇವೆ, ಆದರೆ ಅಲ್ಲಿ ನರಗಳಿವೆ, ಅಪರೂಪಕ್ಕೆ ದನಿಗೋ ನುಂಗುವುದಕ್ಕೋ ತೊಂದರೆಯಾಗಬಹುದು ಎಂದು ಸರ್ಜನ್ ವಿವರಿಸಿದರು. ದನಿಯಿಂದಲೇ ಅನ್ನ ತಿನ್ನುವವಳು ನಾನು. ರುಜು ಮಾಡುವಾಗ ನನ್ನ ಹೆಸರೇ ನನ್ನದಲ್ಲದ ಹಾಗೆ ವಕ್ರವಾಗಿ ಬಂತು. ಥಿಯೇಟರಿಗೆ ಕರೆದೊಯ್ಯುವಾಗ ಅತ್ತೆ ಸ್ಟ್ರೆಚರ್ ಪಕ್ಕದಲ್ಲಿ ನಡೆಯುತ್ತ ಒಂದೇ ಮಾತು ಹೇಳಿದರು: "ಎಚ್ಚರಾದ್ ಮ್ಯಾಲೆ ಎಲ್ಲೆಲ್ಲಿ ನೋಯ್ತೈತೋ ಎಲ್ಲಾ ಹೇಳು. ಒಂದೂ ಬಿಡಬ್ಯಾಡ."

ಎಚ್ಚರವಾದಾಗ ಗಂಟಲು ಕೆಂಡವಾಗಿತ್ತು. "ಅತ್ತೆ" ಎಂದೆ. ದನಿ ಗೊಗ್ಗರಾಗಿತ್ತು, ಆದರೆ ನನ್ನದೇ. ಒಂದು ವಾರ ಗಂಜಿ. ಊತ ಇಳಿದ ಮೇಲೆ ಒಂದು ದಿನ ಎಂಜಲು ನುಂಗಿದೆ, ಚುಚ್ಚಲಿಲ್ಲ. ನಂಬಿಕೆಯಾಗದೆ ಮತ್ತೆ ನುಂಗಿದೆ. ಕತ್ತುನೋವು ಮಾತ್ರ ನಿಧಾನಕ್ಕೆ ಹೋಗುತ್ತದೆ, ಸ್ವಲ್ಪ ಉಳಿದರೂ ಉಳಿಯಬಹುದು ಎಂದು ಸರ್ಜನ್ ಹೇಳಿದ್ದರು.

ಮೂರು ತಿಂಗಳು ಕಳೆದ ಒಂದು ಭಾನುವಾರ ಅತ್ತೆ ಬೆಳಿಗ್ಗೆಯೇ ಮಟನ್ ತರಿಸಿದರು. ಮಸಾಲೆಯನ್ನು ಮಿಕ್ಸಿಗೆ ಹಾಕಬೇಡವೆಂದು ತಾವೇ ಒರಳಲ್ಲಿ ರುಬ್ಬಿದರು. ಇವತ್ತು ಹರಕೆ ತೀರಿತೆಂದು ಅವರ ಮುಖದಲ್ಲೇ ಬರೆದಿತ್ತು. ಇಬ್ಬರ ತಟ್ಟೆಗೂ ಮುದ್ದೆ ಇಟ್ಟು, ಸೌಟು ಹಿಡಿದು ಕೇಳಿದರು.

"ಕತ್ತುನೋವು ಪೂರ್ತಿ ಹೋತಾ?"

ಆ ಬೆಳಿಗ್ಗೆ ಬಟ್ಟೆ ಒಣಗಹಾಕುವಾಗ ಎಡಗಡೆ ಎಳೆದಿತ್ತು. ಹೂಂ ಎಂದರೆ ಸಾಕಿತ್ತು. ಇಷ್ಟು ಕಾಲ ಅಷ್ಟೊಂದು ಸುಳ್ಳು ಹೇಳಿದವಳಿಗೆ ಇದೊಂದು ಹೆಚ್ಚಲ್ಲ. ಅದೂ ಅವರ ಬಾಯಿರುಚಿಗಾಗಿ.

"ಇಲ್ಲ ಅತ್ತೆ. ಇನ್ನೂ ಸ್ವಲ್ಪ ಐತೆ."

ಅವರು ನನ್ನನ್ನೇ ನೋಡಿದರು. ಆಮೇಲೆ ನನ್ನ ತಟ್ಟೆಗೆ ಎರಡು ಸೌಟು ಮಟನ್ ಸಾರು ಬಿಟ್ಟು, ಪಾತ್ರೆಯ ಮುಚ್ಚಳ ಹಾಕಿದರು.

"ನಿಜ ಹೇಳಿದೀಯ. ತಿನ್ನು."

ತುತ್ತು ಮುರಿದು ಸಾರಿನಲ್ಲಿ ಹೊರಳಿಸಿ ನುಂಗಿದೆ. ಅದು ಗಂಟಲಿನಲ್ಲಿ ಇಳಿಯುವುದನ್ನು ಕಣ್ಣಾರೆ ಕಂಡ ಮೇಲೆಯೇ ಅತ್ತೆ ಎದ್ದು, ನಿನ್ನೆಯ ಸೊಪ್ಪಿನ ಸಾರನ್ನು ತಮ್ಮ ತಟ್ಟೆಗೆ ಬಡಿಸಿಕೊಂಡರು.