ಹೊಡೆಸಿಕೊಳ್ಳುವುದೇ ಸಕಮಾಕಿಯವರ ಕಸುಬು

ಬೆಳಗಿನ ಆರೂಕಾಲು. ಒಕಯಾಮಾ ಕ್ರೇನ್ಸ್ ಬೇಸ್‌ಬಾಲ್ ತಂಡದ ಒಳಾಂಗಣ ಅಭ್ಯಾಸ ಮೈದಾನದಲ್ಲಿ ಬಾಯಿ ತೆರೆದರೆ ಹೊಗೆ ಬರುವಷ್ಟು ಚಳಿ. ತೆತ್ಸುಜಿ ಸಕಮಾಕಿ ಎಡಗೈಯನ್ನು ಕಂಕುಳಲ್ಲಿ ಬೆಚ್ಚಗೆ ಇಟ್ಟುಕೊಂಡು, ಬಲಗೈಯಲ್ಲಿ ಪೊರಕೆ ಹಿಡಿದು, ತಾವು ನಿಲ್ಲುವ ಜಾಗದ ಮಣ್ಣು ಗುಡಿಸುತ್ತಿದ್ದಾರೆ. ಆಮೇಲೆ ಚೆಂಡಿನ ಬುಟ್ಟಿಯನ್ನು ಪಕ್ಕಕ್ಕೆಳೆದುಕೊಂಡು, ಎದೆಮಟ್ಟದ ಬಲೆಯ ಹಿಂದೆ ನಿಂತು, ಎದುರಿಗಿರುವ ಆಜಾನುಬಾಹುವಿಗೆ ತಲೆಬಾಗಿ ಮೊದಲ ಚೆಂಡು ಎಸೆಯುತ್ತಾರೆ. ಫಟ್ ಎಂದು ಸದ್ದಾಗುತ್ತದೆ. ಚೆಂಡು ಅವರ ತಲೆಯ ಮೇಲಿಂದ ಹಾರಿ ದೂರದ ಬಲೆಗೆ ಬಡಿಯುತ್ತದೆ. ಸಕಮಾಕಿ ತಿರುಗಿ ನೋಡುವುದಿಲ್ಲ. ಸದ್ದಿನಲ್ಲೇ ಗೊತ್ತಾಗುತ್ತದಂತೆ.

"ಇನ್ನೊಂಚೂರು ಒಳಗೆ ಹಾಕಿ, ಸಕಮಾಕಿ-ಸಾನ್."

"ಆಗ್ಲಿ."

ಹೀಗೆ ಕೇಳುತ್ತಿರುವವರು ಶಿಂಪೇ ಯುಹಾರಾ. ಈ ಚಳಿಗಾಲದಲ್ಲಿ ನಮ್ಮ ಊರಿನ ಕ್ಷೌರದಂಗಡಿಯಿಂದ ಮೀನಿನ ಮಾರುಕಟ್ಟೆಯವರೆಗೆ ಎಲ್ಲರ ಬಾಯಲ್ಲೂ ಇರುವ ಹೆಸರು. ನಿಗಾಟಾ ತಂಡದಿಂದ ನಾಲ್ಕು ವರ್ಷದ ಒಪ್ಪಂದಕ್ಕೆ ನಮ್ಮಲ್ಲಿಗೆ ಬಂದ ಬೇಸ್‌ಬಾಲ್ ಹೊಡೆತಗಾರ. ಅವರು ಬಂದದ್ದರಿಂದ ಯಾರಿಗೆಲ್ಲ ಲಾಭ ಎಂದು ಪತ್ರಿಕೆಗಳು ಪುಟಗಟ್ಟಲೆ ಬರೆದವು. ಯಾರ ಅನ್ನ ಹೋಗುವುದರಲ್ಲಿತ್ತು ಎಂದು ಯಾರೂ ಬರೆಯಲಿಲ್ಲ. ಅದು ಈ ಪೊರಕೆ ಹಿಡಿದವರ ಅನ್ನ. ಒಂದೂವರೆ ತಿಂಗಳ ಹಿಂದೆ ಇವರ ಕೆಲಸ ಹೋಯಿತೆಂದೇ ಲೆಕ್ಕವಾಗಿತ್ತು.

ಸಕಮಾಕಿಯವರಿಗೆ ನಲವತ್ತಾರು ವರ್ಷ. ಒಳಕಡಲಿನ ಒಂದು ಪುಟ್ಟ ದ್ವೀಪದಿಂದ ಹದಿನೆಂಟಕ್ಕೆ ಎಡಗೈ ಎಸೆತಗಾರನಾಗಿ ತಂಡ ಸೇರಿದವರು. ದೊಡ್ಡ ಮೈದಾನದಲ್ಲಿ ಆಡಿದ್ದು ಎರಡೇ ಎರಡು ಪಂದ್ಯ. ಭುಜ ಕೈಕೊಟ್ಟಿತು. ಇಪ್ಪತ್ನಾಲ್ಕಕ್ಕೆ ತಂಡ ಕೈಬಿಟ್ಟಿತು, ಅದೇ ವಾರ ಅಭ್ಯಾಸದ ಎಸೆತಗಾರನಾಗಿ ಮತ್ತೆ ಕರೆಯಿತು. ಅಂದರೆ, ಹೊಡೆಯುವವರು ಚೆನ್ನಾಗಿ ಹೊಡೆಯಲಿ ಎಂದೇ ಎಸೆಯುವ ಕೆಲಸ. ದಿನಕ್ಕೆ ನೂರಿಪ್ಪತ್ತು ಚೆಂಡು, ವರ್ಷಕ್ಕೆ ನೂರೆಂಬತ್ತು ದಿನ, ಇಪ್ಪತ್ತೆರಡು ವರ್ಷ. ಗುಣಿಸಿದರೆ ನಾಲ್ಕೂಮುಕ್ಕಾಲು ಲಕ್ಷ ದಾಟುತ್ತದೆ. ಇವರ ಹೆಸರು ಕೂಗಿದ ಪ್ರೇಕ್ಷಕ ಒಬ್ಬನೂ ಇಲ್ಲ.

ಸುಲಭದ ಕೆಲಸವೆಂದು ನಾನೂ ಅಂದುಕೊಂಡಿದ್ದೆ. "ಹೊಡೆಸ್ಕೊಳ್ಳೋದು ಸುಲಭ, ಒಂದೇ ಜಾಗದಲ್ಲಿ ಹೊಡೆಸ್ಕೊಳ್ಳೋದು ಕಷ್ಟ," ಎನ್ನುತ್ತಾರೆ. ಈ ಕಸುಬಿನವರಿಗೆ ಒಂದು ಕಾಯಿಲೆಯ ಭಯವಿದೆ. ಎದುರಿಗೆ ದೊಡ್ಡ ಆಟಗಾರ ನಿಂತಾಗ, ಅವನಿಗೆ ತಗುಲೀತೆಂಬ ಅಂಜಿಕೆಗೆ ಕೈ ಎಸೆಯುವುದನ್ನೇ ಮರೆತುಬಿಡುತ್ತದೆ. ಆರನೇ ವರ್ಷದಲ್ಲಿ ಇವರಿಗೂ ಹಾಗಾಯಿತು. ಆಗ ಮೂರು ವಾರ, ಪ್ರತಿ ಬೆಳಗ್ಗೆ, ಹೆಂಡತಿ ತೊಕಿಕೊ ನದಿಯ ದಂಡೆಯಲ್ಲಿ ಕೈಗವಸು ಹಾಕಿಕೊಂಡು ಎದುರಿಗೆ ನಿಂತರು. "ಇವರೇನು ದೊಡ್ಡ ಆಟಗಾರ್ತಿ ಅಲ್ವಲ್ಲ, ಭಯ ಆಗ್ಲಿಲ್ಲ," ಎಂದು ಸಕಮಾಕಿ ನಗುತ್ತಾರೆ. "ಮೊಣಕಾಲಿನ ಕಲೆ ತೋರಿಸ್ಲಾ?" ಎಂದು, ಅವರ ಮನೆಯಲ್ಲಿ ನಮಗೆ ಚಹಾ ತಂದಿಟ್ಟ ತೊಕಿಕೊ ಕೇಳುತ್ತಾರೆ.

ಈಗ ಕಥೆಗೆ ಬರೋಣ. ಕ್ರೇನ್ಸ್ ತಂಡ ಎರಡು ವರ್ಷ ಸತತ ಕೊನೆಯ ಸ್ಥಾನ. ನವೆಂಬರಿನಲ್ಲಿ ವ್ಯವಸ್ಥಾಪಕರು ಕೊಡಲಿ ಹಿಡಿದರು. ವಯಸ್ಸಾದ ಇಬ್ಬರು ಎಸೆತಗಾರರನ್ನು ಬಿಟ್ಟರು, ವಿದೇಶಿ ಆಟಗಾರನನ್ನು ಊರಿಗೆ ಕಳಿಸಿದರು, ಖಾಲಿಯಾದ ಜಾಗಕ್ಕೆ ಯುಹಾರಾ ಅವರನ್ನು ತಂದರು. ಇಲ್ಲೊಂದು ರೂಢಿಯಿದೆ. ದೊಡ್ಡ ಹೊಡೆತಗಾರ ತಂಡ ಬದಲಿಸಿದರೆ ಅವನ ಅಭ್ಯಾಸದ ಎಸೆತಗಾರನೂ ಹಿಂದೆಯೇ ಬರುತ್ತಾನೆ. ಯುಹಾರಾ ಅವರ ಹಿಂದೆ ಇನೊಮಾತಾ ಎಂಬವರು ಬರಬೇಕು. ನಮ್ಮಲ್ಲಿ ಅಭ್ಯಾಸದ ಎಸೆತಗಾರರಿಗೆ ಇರುವುದು ಎಂಟೇ ಜಾಗ, ಎಲ್ಲ ಭರ್ತಿ. ಎಂಟರಲ್ಲಿ ಹಿರಿಯರು ಸಕಮಾಕಿ.

ಕಚೇರಿಯವರು ಕರೆದು ಚಹಾ ಕೊಟ್ಟು, "ಫೆಬ್ರವರಿಯಿಂದ ಮುಂದಿನದರ ಬಗ್ಗೆ ನೀವೂ ಒಂಚೂರು ಯೋಚಿಸಿಡಿ," ಎಂದರಂತೆ. ನಮ್ಮಲ್ಲಿ ಇದಕ್ಕಿಂತ ಸ್ಪಷ್ಟವಾಗಿ ಯಾರನ್ನೂ ಮನೆಗೆ ಕಳಿಸುವುದಿಲ್ಲ. ಸಕಮಾಕಿ ಸರಿ ಎಂದು ತಲೆಬಾಗಿ ಬಂದರು. ಮಗಳ ನರ್ಸಿಂಗ್ ಕಾಲೇಜು ಇನ್ನೂ ಒಂದು ವರ್ಷ ಬಾಕಿ. ನಲವತ್ತಾರು ವರ್ಷದ, ಚೆಂಡು ಎಸೆಯುವುದೊಂದೇ ಗೊತ್ತಿರುವ ಗಂಡಸಿಗೆ ಯಾರು ಕೆಲಸ ಕೊಡುತ್ತಾರೆ? ದ್ವೀಪದಲ್ಲಿರುವ ಅಣ್ಣನ ಕಿತ್ತಳೆ ಗೋದಾಮಿನಲ್ಲಿ ಪೆಟ್ಟಿಗೆ ಹೊರುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡರು.

ಹೋಗುವವರು ಬರುವವರಿಗೆ ಕೆಲಸ ಒಪ್ಪಿಸಿ ಹೋಗಬೇಕು. ಹೀಗಂತ ಯಾರೂ ಇವರಿಗೆ ಹೇಳಿರಲಿಲ್ಲ. ಆದರೂ ಡಿಸೆಂಬರಿನ ಮೊದಲ ವಾರ, ನಮ್ಮೂರಿನ ಕಿಬಿ-ದಾಂಗೊ ಸಿಹಿ ಉಂಡೆಯ ಡಬ್ಬಿ ಹಿಡಿದು, ಸ್ವಂತ ಖರ್ಚಿನಲ್ಲಿ ರೈಲು ಹತ್ತಿ ನಿಗಾಟಾಕ್ಕೆ ಹೊರಟರು. ಯಾವ ಹುಡುಗನಿಗೆ ಯಾವ ಎತ್ತರದ ಚೆಂಡು ಇಷ್ಟ, ಮೈದಾನದ ಮಣ್ಣು ಎಲ್ಲಿ ಜಾರುತ್ತದೆ, ಎಲ್ಲವನ್ನೂ ಇನೊಮಾತಾ ಅವರಿಗೆ ಹೇಳಿ ಬರಲು. ತಮ್ಮ ಅನ್ನಕ್ಕೆ ಕುತ್ತು ತಂದವರಿಗೆ ಸಿಹಿ ಹೊತ್ತುಕೊಂಡು ಹೋದ ಪುಣ್ಯಾತ್ಮ ಇವರೊಬ್ಬರೇ ಇರಬೇಕು.

ಇನೊಮಾತಾ ಅವರ ವಿಳಾಸ ಹುಡುಕಿದರೆ ಅಲ್ಲೊಂದು ಸೊಬಾ ಶಾವಿಗೆಯ ಅಂಗಡಿ. ಗಂಡಹೆಂಡಿರು ಸೇರಿ ಅಕ್ಟೋಬರಿನಲ್ಲಷ್ಟೇ ತೆರೆದದ್ದು. ಇನೊಮಾತಾ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಾದುತ್ತಿದ್ದರು. ಸಕಮಾಕಿ ಮಣ್ಣು, ಗಾಳಿ, ಹುಡುಗರ ವಿಷಯವೆಲ್ಲ ಹೇಳುತ್ತಾ ಹೋದರು. ಅವರು ಹೂಂ ಹೂಂ ಎನ್ನುತ್ತಲೇ ಇದ್ದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ.

"ನಿಮ್ಮೂರಲ್ಲಿ ಸೊಬಾ ತಿಂತಾರಾ?"

"ಉದೋನ್ ಜಾಸ್ತಿ. ದಪ್ಪ ಶಾವಿಗೆ."

"ಹಾಗಾದ್ರೆ ಅಲ್ಲಿ ಅಂಗಡಿ ಹಾಕೋದೂ ಕಷ್ಟ," ಎಂದು ಇನೊಮಾತಾ ಮತ್ತೆ ಹಿಟ್ಟು ನಾದತೊಡಗಿದರು.

ಒಲೆಯ ಬಳಿಯಿದ್ದ ಅವರ ಹೆಂಡತಿಗೆ ತಡೆಯಲಾಗಲಿಲ್ಲ. "ಬರೋಕೆ ಇಷ್ಟ ಇಲ್ಲ ಅಂತ ಹೇಳಿಬಿಡಿ ಅಂದ್ರೆ ಕೇಳಲ್ಲ ಇವರು. ಒಂದು ತಿಂಗಳಿಂದ ಊಟ ಸೇರ್ತಿಲ್ಲ."

"ಯುಹಾರಾ ಕರೆದಾಗ ಆಗಲ್ಲ ಅನ್ನೋದು ಹೇಗೆ? ಒಂಬತ್ತು ವರ್ಷ ಅವನ ಜೊತೆ ಇದ್ದೀನಿ," ಎಂದರು ಇನೊಮಾತಾ.

ಸಕಮಾಕಿ ಎರಡು ಬಟ್ಟಲು ಶಾವಿಗೆ ತಿಂದು ವಾಪಸು ಬಂದರು. ಮನೆಯಲ್ಲಿ ಹೇಳಿದ ಮೇಲೆ ಶುರುವಾಯಿತು.

"ಅವರಿಗೆ ಬರೋಕೆ ಇಷ್ಟ ಇಲ್ಲ, ನಿಮಗೆ ಹೋಗೋಕೆ ಇಷ್ಟ ಇಲ್ಲ. ಮತ್ತೆ ಯಾರಿಗೋಸ್ಕರ ರೀ ಈ ನಾಟಕ?" ಎಂದು ತೊಕಿಕೊ ಕೇಳಿದರು. "ಹೋಗಿ ಯುಹಾರಾ ಅವರಿಗೇ ಹೇಳಿ."

"ನನ್ನ ಜಾಗ ಉಳಿಸ್ಕೊಳ್ಳೋಕೆ ಹೇಳ್ದೆ ಅಂತಾರೆ. ಸ್ವಾರ್ಥ ಆಗತ್ತೆ."

"ಆಗ್ಲಿ. ಇಪ್ಪತ್ತೆರಡು ವರ್ಷಕ್ಕೆ ಒಂದ್ಸಲ ತಾನೇ."

ಒಂದು ವಾರ ಅವರಿಗೆ ಧೈರ್ಯ ಬರಲಿಲ್ಲ. ಡಿಸೆಂಬರಿನ ನಡುವೆ, ಪತ್ರಕರ್ತರ ಮುಂದೆ ಹೊಸ ಅಂಗಿ ತೊಟ್ಟು ಫೋಟೋ ತೆಗೆಸಿಕೊಂಡ ಯುಹಾರಾ, ಅಭ್ಯಾಸದ ಜಾಗ ನೋಡಲು ಒಬ್ಬರೇ ಒಳಗೆ ಬಂದರು. ಅಲ್ಲಿ ಪೊರಕೆ ಹಿಡಿದು ನಿಂತಿದ್ದ ಸಕಮಾಕಿ ಉರುಹೊಡೆದ ಮಾತೆಲ್ಲ ಮರೆತರು. ಬಾಯಿಗೆ ಬಂದದ್ದು ಇಷ್ಟೇ: "ಇನೊಮಾತಾ-ಸಾನ್ ಮಾಡೋ ಶಾವಿಗೆ ತುಂಬ ಚೆನ್ನಾಗಿದೆ."

ಯುಹಾರಾ ಕಣ್ಣು ಕಣ್ಣು ಬಿಟ್ಟರು. ಸಕಮಾಕಿ ಸೊಂಟದವರೆಗೆ ಬಾಗಿ, ತಲೆಯೆತ್ತದೆ ಉಳಿದದ್ದನ್ನು ಹೇಳಿ ಮುಗಿಸಿದರು. "ಅವರಿಗೆ ಅಂಗಡಿ ಬಿಟ್ಟು ಬರೋಕೆ ಮನಸ್ಸಿಲ್ಲ. ಅವರು ಬರದಿದ್ರೆ ನನ್ನ ಕೆಲಸ ಉಳಿಯತ್ತೆ. ಅದೂ ನಿಮಗೆ ಗೊತ್ತಿರ್ಲಿ ಅಂತ ಹೇಳ್ತಿದ್ದೀನಿ."

ಯುಹಾರಾ ಬೆಂಚಿನ ಮೇಲೆ ಧೊಪ್ಪನೆ ಕುಳಿತರು. "ಕರೀದೇ ಹೋದ್ರೆ ಅವರಿಗೆ ಬೇಜಾರಾಗತ್ತೆ ಅಂತ ಕರೆದೆ," ಎಂದರು. "ನಾನು ಬಾಯಿ ಬಿಡೋಕೆ ಮುಂಚೆನೇ ಇಲ್ಲಿನವರು ಅವರಿಗೂ ಜಾಗ ಮಾಡಿದೀವಿ ಅಂದ್ರು. ಬೇಡ ಅಂದ್ರೆ ಚೆನ್ನಾಗಿರಲ್ಲ ಅಂತ ಸುಮ್ಮನಾದೆ. ನಿಜ ಹೇಳ್ಲಾ? ಹೋದ ವರ್ಷ ಎಡಗೈ ಎಸೆತಗಾರರ ಎದುರು ಪೂರ್ತಿ ಮಣ್ಣುಮುಕ್ಕಿದೀನಿ. ಇನೊಮಾತಾ-ಸಾನ್ ಬಲಗೈಯವರು. ಅವರ ಮುಂದೆ ಇದನ್ನ ಹೇಗೆ ಹೇಳ್ಲಿ?"

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂಬ ಗಾದೆಯಿದೆ. ಇಲ್ಲಿ ಆಟಗಾರ, ಅವನ ಎಸೆತಗಾರ, ತಂಡದ ಕಚೇರಿ, ಮೂವರೂ ಒಟ್ಟಿಗೆ ಬಸಿರಾಗಿದ್ದರು. ಕೋಟಿಗಟ್ಟಲೆ ಯೆನ್ ಸುರಿದು ತಂಡ ಕಟ್ಟುವವರಿಗೆ, ನಿಮಗೆ ನಿಜವಾಗಿ ಏನು ಬೇಕು ಎಂಬ ಒಂದು ಪ್ರಶ್ನೆ ಕೇಳಲು ನಾಲಿಗೆ ಏಳಲಿಲ್ಲ. ನನಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ.

ಯುಹಾರಾ ಅಲ್ಲಿಂದಲೇ ನಿಗಾಟಾಕ್ಕೆ ಫೋನ್ ಮಾಡಿದರು. ಬರಬೇಕಾಗಿಲ್ಲ, ಅಂಗಡಿ ನೋಡಿಕೊಳ್ಳಿ ಎಂದರಂತೆ. ಆ ಕಡೆಯಿಂದ ಹೆಂಗಸೊಬ್ಬರು ಅಳುತ್ತಾ ನಗುವ ಸದ್ದು. ಆ ಸಂಜೆಯೇ ಯುಹಾರಾ ಕಚೇರಿಗೆ ಹೋಗಿ, ತಮಗೆ ಇಲ್ಲಿನ ಎಡಗೈಯವರೇ ಸಾಕೆಂದು ತಿಳಿಸಿದರು. ಕಚೇರಿಯವರೂ ಉಸ್ಸಪ್ಪಾ ಎಂದರಂತೆ. ಇಪ್ಪತ್ತೆರಡು ವರ್ಷ ದುಡಿದವರನ್ನು ಕಳಿಸಲು ಅವರಿಗೂ ಮನಸ್ಸಿರಲಿಲ್ಲ, ಹೇಳುವುದಕ್ಕೆ ಸಂಕೋಚ.

ಜನವರಿ ಎಂಟರಂದು ಸಕಮಾಕಿ ಒಂದು ವರ್ಷದ ಹೊಸ ಒಪ್ಪಂದಕ್ಕೆ ಮೊಹರು ಒತ್ತಿದರು. ಒಂದೇ ಹಾಳೆ. ಕ್ಯಾಮೆರಾ ಇರಲಿಲ್ಲ, ಹೊಸ ಅಂಗಿಯೂ ಇರಲಿಲ್ಲ. ಮನೆಗೆ ಬಂದು ಹದಿಮೂರು ಗಂಟೆ ನಿದ್ದೆ ಮಾಡಿದರೆಂದು ತೊಕಿಕೊ ಹೇಳುತ್ತಾರೆ. "ಉಸಿರಾಡ್ತಿದಾರಾ ಅಂತ ಎರಡು ಸಲ ನೋಡ್ದೆ," ಎನ್ನುವಾಗ ಅವರ ಕಣ್ಣಲ್ಲಿ ನೀರು.

ನೂರಿಪ್ಪತ್ತನೇ ಚೆಂಡು ಮುಗಿದಿದೆ. ಯುಹಾರಾ ಟೋಪಿ ತೆಗೆದು ಬಾಗಿ ಹೊರಡುತ್ತಾರೆ. ಸಕಮಾಕಿ ಚೆಲ್ಲಾಪಿಲ್ಲಿಯಾದ ಚೆಂಡುಗಳನ್ನು ಬುಟ್ಟಿಗೆ ಹೆಕ್ಕುತ್ತಾರೆ, ನಾನೂ ಕೈ ಹಾಕುತ್ತೇನೆ. ಅಂದು ಬಾಯಿ ಬಿಟ್ಟದ್ದಕ್ಕೆ ಈಗಲೂ ಮುಜುಗರವಿದೆಯೇ ಎಂದು ಕೇಳುತ್ತೇನೆ. ಬಗ್ಗಿದವರು ಇನ್ನೊಂದು ಚೆಂಡು ಹೆಕ್ಕಿ ಬುಟ್ಟಿಗೆ ಹಾಕುತ್ತಾರೆ.

"ಇಷ್ಟು ವರ್ಷ ಬೇರೆಯವರು ಹೊಡೀಲಿ ಅಂತ ಎಸೆದೆ," ಎನ್ನುತ್ತಾರೆ. "ಅವತ್ತು ಒಂದನ್ನ ನಾನೇ ಹೊಡೆದೆ."

"ಎಷ್ಟು ದೂರ ಹೋಯ್ತು?"

"ಮಗಳು ನರ್ಸ್ ಆಗೋವರೆಗೂ ಹೋಗತ್ತೆ."