ಮಾಮಾ ಕಲಿಸಿದ ಒಂಬತ್ತು ಗೇರ್

ಲಾರಿಯ ಗೇರ್ ಎಲ್ಲಾ ಒಂದೇ ಎಂದು ತಿಳಿದವರಿಗೆ ನನ್ನದೊಂದು ದೊಡ್ಡ ನಮಸ್ಕಾರ. ಕಾರು ಓಡಿಸುವವರು ಹೀಗೆ ಮಾತಾಡುತ್ತಾರೆ. ಬೆಳಗಾವಿಯ ಹಿಂದವಾಡಿಯಲ್ಲಿ ಮನೆ ಕಟ್ಟಿಸುತ್ತಿದ್ದ ಸಾಹೇಬರೊಬ್ಬರು ನಾವು ಇಟ್ಟಿಗೆ ಇಳಿಸುವುದನ್ನು ನೋಡುತ್ತ ನಿಂತವರು, ‘ಅದರಾಗೇನೈತಿ, ಒಂದು ಗಾಡಿ ಕಲಿತ್ರ ಎಲ್ಲಾ ಬಂದಂಗ’ ಎಂದರು. ನಾನು ಕೀಲಿ ಕಿತ್ತು ಅವರ ಮುಂದೆ ಹಿಡಿದೆ. ‘ಬರ್ರಿ ಸಾಹೇಬ್ರ, ಇಲ್ಲಿಂದ ಆ ಮೂಲಿ ತನಕ ಒಯ್ರಿ, ನೋಡೂಣು.’ ಅವರು ನಕ್ಕು ಒಳಗೆ ಹೋದರು. ನಾನು ನಗಲಿಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು, ಗೇರಿನ ಮಾತು ಬಂದರಂತೂ ತಡೆಯುವುದೇ ಇಲ್ಲ. ಯಾಕೆ ಎಂದು ಹೇಳುತ್ತೇನೆ.

ನನಗೆ ಲಾರಿ ಕಲಿಸಿದವನು ನನ್ನ ಸೋದರಮಾವ, ಅವ್ವನ ತಮ್ಮ. ಅಪ್ಪ ತೀರಿಕೊಂಡಾಗ ನಾನಿನ್ನೂ ಶಾಲೆಯ ಹುಡುಗ. ಖಾನಾಪುರದ ನಮ್ಮ ಮನೆಯಲ್ಲಿ ಒಲೆ ಆರದಂತೆ ನೋಡಿಕೊಂಡವನು ಮಾಮಾ. ಲೋಡ್ ತುಂಬಲು ಖಾನಾಪುರಕ್ಕೆ ಬಂದಾಗಲೆಲ್ಲ ಒಂದು ಚೀಲ ಹೆಗಲ ಮೇಲೆ ಹೊತ್ತು ಬಾಗಿಲಿಗೆ ಬರುತ್ತಿದ್ದ. ಮುಂದೆ ಕಾಲೇಜು ನನ್ನ ತಲೆಗೆ ಹತ್ತಲಿಲ್ಲ. ಊರವರೆಲ್ಲ ಬುದ್ಧಿ ಹೇಳಿದರು. ಮಾಮಾ ಮಾತ್ರ, ‘ಬಾ ಅಳಿಯಾ, ಗಾಡಿ ಹತ್ತು’ ಎಂದ. ನಾನು ಹತ್ತಿದೆ.

ಬೆಳಗಾವಿಯಲ್ಲಿ ಮಹಾಂತೇಶ ನಗರ ದಾಟಿದ ಮೇಲೆ ಹೆದ್ದಾರಿಯ ಬಾಜುವಿಗೆ ನಮ್ಮ ಮಾಲಕರ ಅಡ್ಡಾ. ಅಲ್ಲಿ ನಿಂತ ಲಾರಿಗಳು ಒಂದೊಂದು ಒಂದೊಂದು ಕಾಲದವು. ಮಾಮಾನ ಕೈಯಲ್ಲಿದ್ದುದು ಎಲ್ಲಕ್ಕಿಂತ ಹಳೆಯದು. ಖಾನಾಪುರದಿಂದ ಇಟ್ಟಿಗೆ, ಹಂಚು ತರುವುದು, ಹೋಗುವಾಗ ಸಿಮೆಂಟ್ ಒಯ್ಯುವುದು ಅದರ ಕೆಲಸ. ಆ ಗಾಡಿಗೆ ಡಬಲ್ ಕ್ಲಚ್ ಬೇಕು. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಡಬೇಕು, ಮತ್ತೆ ಒತ್ತಿ ಮುಂದಿನ ಗೇರಿಗೆ ಹಾಕಬೇಕು. ಗೇರ್ ಇಳಿಸುವಾಗ ನಡುವೆ ಒಂದಿಷ್ಟು ರೇಸ್ ಕೊಡಬೇಕು. ಅಳತೆ ತಪ್ಪಿತೋ, ಒಳಗಿನ ಹಲ್ಲುಗಳು ಕರ್ರ್ ಎಂದು ಕೂಗಿ, ಇಲ್ಲೊಬ್ಬ ದಡ್ಡ ಕೂತಿದ್ದಾನೆ ಎಂದು ರಸ್ತೆಗೆಲ್ಲ ಸಾರುತ್ತವೆ.

ಮಾಮಾ ಕಲಿಸುವ ರೀತಿಯೇ ಬೇರೆ. ಬಾಜು ಸೀಟಿನಲ್ಲಿ ಕೂತು, ಗೇರಿನ ಮೇಲಿದ್ದ ನನ್ನ ಕೈಯ ಮೇಲೆ ತನ್ನ ಕೈ ಇಡುತ್ತಿದ್ದ. ಒತ್ತುತ್ತಿರಲಿಲ್ಲ, ಎಳೆಯುತ್ತಿರಲಿಲ್ಲ, ಸುಮ್ಮನೆ ಇಡುತ್ತಿದ್ದ. ಹೊತ್ತು ಬಂದಾಗ ಆ ಕೈ ತುಸು ಭಾರವಾಗುತ್ತಿತ್ತು. ಆಗ ಗೇರ್ ಹಾಕಿದರೆ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯುತ್ತಿತ್ತು. ತಪ್ಪಿದರೆ ಬಾಯಿ ಮಾಡುತ್ತಿದ್ದ. ‘ಏ ಹುಚ್ಚಪ್ಪಾ, ಅದೇನ್ ಗೇರೋ, ಜ್ವಾಳಾ ಬೀಸೂ ಕಲ್ಲೋ? ಹಾಡು ಬಂದ್ ಮಾಡ. ಎಂಜಿನ್ ಏನ್ ಅನ್ನಾಕತ್ತೈತಿ ಕೇಳ್ಕೋ.’ ಬೈಸಿಕೊಂಡು ಬೈಸಿಕೊಂಡೇ ಕಲಿತೆ. ಖಾನಾಪುರದಿಂದ ಬೆಳಗಾವಿಗೆ ಒಂದು ಸದ್ದೂ ಇಲ್ಲದೆ ಇಟ್ಟಿಗೆ ತಂದ ದಿನ ಮಾಮಾ ಚಹಾದ ಅಂಗಡಿಯಲ್ಲಿ ಕಂಡವರಿಗೆಲ್ಲ ಹೇಳಿದ, ಕನ್ನಡದವರಿಗೆ ಕನ್ನಡದಲ್ಲಿ, ಮರಾಠಿಯವರಿಗೆ ಮರಾಠಿಯಲ್ಲಿ. ನನ್ನ ಅಳಿಯ ಇವ, ನಾನೇ ತಯಾರು ಮಾಡೇನಿ, ಎಂದು. ನನಗೆ ನೆಲ ಕಾಣಲಿಲ್ಲ ಅವತ್ತು.

ಆಮೇಲೆ ಆರು ಗೇರಿನ ಲಾರಿ. ಅದರಲ್ಲಿ ಡಬಲ್ ಕ್ಲಚ್ ಬೇಡ, ಮಗುವೂ ಹಾಕಬಹುದು ಅಂದುಕೊಂಡೆ. ಆದರೆ ಹಳೆಯ ಗಾಡಿಯಲ್ಲಿ ಒಂದನೇ ಗೇರ್ ಇದ್ದ ಜಾಗದಲ್ಲಿ ಇದರ ರಿವರ್ಸ್ ಕೂತಿತ್ತು. ಕಾಕತಿಯಲ್ಲಿ ಒಂದು ಅಂಗಡಿಯ ಮುಂದೆ ಭಾರೀ ಗತ್ತಿನಿಂದ ಗಾಡಿ ಎತ್ತಿದೆ, ಗಾಡಿ ಹಿಂದಕ್ಕೆ ಹೋಯಿತು. ಅಂಗಡಿಯವನ ನೀರಿನ ಪೀಪಾಯಿ ಚಪ್ಪಟೆ. ಅವನು ಕೂಗುವುದು, ನಾನು ಬೆವರುವುದು, ಮಾಮಾ ಹೊಟ್ಟೆ ಹಿಡಿದುಕೊಂಡು ನಗುವುದು. ನಕ್ಕು ಮುಗಿದ ಮೇಲೆ ಕಲಿಸಿದ. ಯಾವ ಹೊಸ ಗಾಡಿ ಹತ್ತಿದರೂ ಎಂಜಿನ್ ಬಂದ್ ಇರುವಾಗಲೇ ಕಣ್ಣು ಮುಚ್ಚಿ ಎಲ್ಲಾ ಗೇರಿನ ಜಾಗ ಹುಡುಕಬೇಕು, ಹಳೆಯ ಗಾಡಿಯನ್ನು ಕೈ ಮರೆಯುವ ತನಕ ಹುಡುಕುತ್ತಲೇ ಇರಬೇಕು. ಈಗಲೂ ಹಾಗೇ ಮಾಡುತ್ತೇನೆ. ಅವನು ಕಲಿಸಿದ್ದರಲ್ಲಿ ಸುಳ್ಳು ಒಂದೇ ಒಂದು. ಆ ಒಂದೇ ನನ್ನನ್ನು ಮುಳುಗಿಸಿತು.

ಅಷ್ಟು ಹೊತ್ತಿಗೆ ಮಾಮಾನ ಎಡ ಮೊಣಕಾಲು ನೋಯತೊಡಗಿತ್ತು. ಹಳೆಯ ಲಾರಿಯ ಕ್ಲಚ್ ಎಂದರೆ ಕಲ್ಲು. ಕೇಳಿದರೆ ‘ಏನಿಲ್ಲೋ, ವಾಯು’ ಎನ್ನುತ್ತಿದ್ದ. ಮಾಲಕರ ಕಣ್ಣೆದುರು ತಾನೇ ಗಾಡಿ ಹೊರಗೆ ತೆಗೆಯುತ್ತಿದ್ದ, ಅಡ್ಡಾ ಮರೆಯಾದ ಕೂಡಲೇ ನಾವು ಜಾಗ ಬದಲು ಮಾಡುತ್ತಿದ್ದೆವು. ಕಾಗದದ ಮೇಲೆ ಅವನು ಡ್ರೈವರ್, ರಸ್ತೆಯ ಮೇಲೆ ನಾನು. ಇದನ್ನು ನಾನು ಯಾರ ಹತ್ತಿರವೂ ಆಡಲಿಲ್ಲ. ಮನೆಯ ಮಾತು ಅದು.

ಆಗ ಬಂತು ಹೊಸ ಲಾರಿ. ಒಂಬತ್ತು ಗೇರು, ತಣ್ಣನೆಯ ಕ್ಯಾಬಿನ್ನು, ಎರಡು ಬೆರಳಿನಲ್ಲಿ ತಿರುಗುವ ಸ್ಟೇರಿಂಗು, ಹೂವಿನಂಥ ಕ್ಲಚ್ಚು. ಎಲ್ಲರಿಗೂ ಕಣ್ಣು ಅದರ ಮೇಲೆ. ಮಾಲಕರು ಎಲ್ಲ ಡ್ರೈವರುಗಳ ಎದುರು ನನ್ನನ್ನು ಕರೆದು, ‘ನಾನೂ ಬಾಜು ಕುಂದರ್ತೀನಿ. ಲೋಡ್ ಹಾಕ್ಕೊಂಡು ಖಾನಾಪುರ ತನಕ ನೆಟ್ಟಗ ಒಯ್ದಿ ಅಂದ್ರ ಗಾಡಿ ನಿಂದು’ ಎಂದರು. ಅಲ್ಲಿಯ ತನಕ ನಾನು ಮಾಮಾನ ಹಿಂದಿನ ಎರಡನೇ ಡ್ರೈವರ್. ನನ್ನದು ಎನ್ನುವ ಗಾಡಿ ಇಲ್ಲ, ನನ್ನ ಹೆಸರಿಗೆ ಲೋಡ್ ಇಲ್ಲ, ಅಡ್ಡಾದಲ್ಲಿ ‘ಅವನ ಅಳಿಯ’ ಎಂದೇ ಕರೆಯುತ್ತಿದ್ದರು. ನನ್ನದೊಂದು ಗಾಡಿ! ಮಾಮಾ ನನ್ನ ಬೆನ್ನು ತಟ್ಟಿ, ‘ಹೊಡೀತಾನ್ರಿ ಮಾಲಕ್ರ, ನಾ ಇದೀನಲ್ಲ ಕಲಸಾಕ’ ಎಂದ.

ಶೋರೂಮಿನಿಂದ ಒಬ್ಬರು ಬಂದು ಗೇರಿನ ವಿಷಯ ಹೇಳಿಕೊಡುವ ದಿನ ಮಾಮಾ ನನ್ನನ್ನು ಕಾಕತಿಗೆ ಅಟ್ಟಿದ. ಪಂಕ್ಚರ್ ಅಂಗಡಿಯಲ್ಲಿ ಬಿಟ್ಟ ಸ್ಟೆಪ್ನಿ ತರಬೇಕಿತ್ತಂತೆ. ‘ಅವ್ರು ಹೇಳೂದು ನಾ ಕೇಳಿರ್ತೀನಿ. ನಾ ಕೇಳಿದ್ರೇನು, ನೀ ಕೇಳಿದ್ರೇನು?’ ಹೌದಲ್ಲ, ಎಂದು ಹೋದೆ.

ಸಂಜೆ ಹೊಸ ಗಾಡಿಯಲ್ಲಿ ಕೂಡಿಸಿಕೊಂಡು ಕಲಿಸಿದ. ಗೇರಿನ ಹಿಡಿಯ ಮೇಲೆ ಒಂದು ಸಣ್ಣ ಸ್ವಿಚ್ಚು. ಕೆಳಗೆ ಆಮೆಯ ಚಿತ್ರ, ಮೇಲೆ ಮೊಲದ ಚಿತ್ರ. ಕಡಿದಾದ ಏರಿಗೆಂದೇ ಇರುವ ಒಂದು ಗೇರ್ ಬಿಟ್ಟರೆ, ಆಮೆಯಲ್ಲಿ ನಾಲ್ಕು, ಮೊಲದಲ್ಲಿ ನಾಲ್ಕು. ಆಮೆಯ ನಾಲ್ಕು ಮುಗಿದ ಮೇಲೆ ಸ್ವಿಚ್ ಮೊಲಕ್ಕೆ ಎತ್ತಿ, ಹಿಡಿಯನ್ನು ಮತ್ತೆ ಒಂದನೇ ಗೇರಿನ ಜಾಗಕ್ಕೇ ತಂದರೆ ಅದು ಐದನೆಯದು. ಎಲ್ಲಾ ಸರಿ. ಆದರೆ ಯಾವುದು ಮೊದಲು? ‘ಮೊದ್ಲ ಗೇರ್ ಜಾಗಾಕ್ಕ ಹಾಕ್ಕೋ, ಆಮ್ಯಾಲೆ ಸ್ವಿಚ್ ಎತ್ತು’ ಎಂದ ಮಾಮಾ. ಎಂಜಿನ್ ಬಂದ್ ಇತ್ತು. ನನ್ನ ಕೈಯ ಮೇಲೆ ತನ್ನ ಕೈ ಇಟ್ಟು ಮತ್ತೆ ಮತ್ತೆ ಮಾಡಿಸಿದ, ಬೆರಳಿಗೆ ರೂಢಿಯಾಗುವ ತನಕ. ಕೊನೆಗೆ ‘ಶಾಣ್ಯಾ ಅದಿ’ ಎಂದ.

ನನ್ನ ಫೋನಿನಲ್ಲಿ ಹುಡುಕಿದ್ದರೆ ಅದೇ ಲಾರಿಯ ವೀಡಿಯೊ ಸಿಗುತ್ತಿತ್ತು. ಚಹಾ ಕುಡಿಯುವ ಹೊತ್ತು ಸಾಕಿತ್ತು. ನೋಡಲಿಲ್ಲ. ಮಾಮಾ ಹೇಳಿದ ಮಾತನ್ನು ಫೋನಿಗೆ ಹಚ್ಚಿ ಪರೀಕ್ಷೆ ಮಾಡುವುದೇ? ನಮ್ಮ ಮನೆಗಳಲ್ಲಿ ಹಾಗೆ ಯಾರೂ ಮಾಡುವುದಿಲ್ಲ. ಮಾಡಿದ್ದರೆ ಅವನ ಮುಖಕ್ಕೆ ಉಗುಳಿದಂತೆ ಎಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಸಿಮೆಂಟ್ ತುಂಬಿಕೊಂಡು ಹೊರಟೆವು. ನಡುವೆ ಮಾಲಕರು, ಆಚೆ ಕಿಟಕಿಗೆ ಮಾಮಾ. ಊರೊಳಗೆ ಎರಡು, ಮೂರು, ನಾಲ್ಕು, ಗಾಡಿ ನೀರಿನ ಮೇಲೆ ಹೋದಂತೆ ಹೋಯಿತು. ಮಾಲಕರು, ‘ಬರೋಬ್ಬರಿ ಐತಿ’ ಎಂದರು. ಖಾನಾಪುರದ ರಸ್ತೆ ಹಿಡಿದು ದೇಸೂರಿನ ಹತ್ತಿರ ರಸ್ತೆ ಖಾಲಿ ಸಿಕ್ಕಿತು. ಐದನೆಯದಕ್ಕೆ ಹಾಕುವ ಹೊತ್ತು. ಮಾಮಾ ಹೇಳಿದಂತೆಯೇ ಕ್ಲಚ್ ಒತ್ತಿ, ಸ್ವಿಚ್ ಮುಟ್ಟದೆ, ಮೊದಲು ಹಿಡಿಯನ್ನು ಜಾಗಕ್ಕೆ ತಂದೆ. ಅದು ಬರಲೊಲ್ಲದು. ಹೊಸದು, ಬಿಗಿ ಇರಬೇಕು ಎಂದು ಒತ್ತಿದೆ. ಒಳಗಿನಿಂದ ಏನೋ ಚೀರಿತು. ಸ್ವಿಚ್ ಎತ್ತಿ ಕ್ಲಚ್ ಬಿಟ್ಟೆನೋ ಇಲ್ಲವೋ, ಹಿಂದಿನ ಗಾಲಿಗಳು ನೆಲ ಕಚ್ಚಿ ಇಡೀ ಲಾರಿ ಜಗ್ಗಿ ನಿಂತಿತು. ಓಡುವ ಗಾಡಿಗೆ ಆಮೆಯ ಒಂದನೇ ಗೇರ್ ಹಾಕಿದ್ದೆ, ಅಷ್ಟೇ. ಮಾಲಕರು ಮುಂದಕ್ಕೆ ಮುಗ್ಗರಿಸಿದರು. ಹಿಂದಿನ ಬಸ್ಸಿನವನು ಬಾಯಿಗೆ ಬಂದದ್ದು ಬೈದು ದಾಟಿ ಹೋದ.

ತಪ್ಪು ನನ್ನದೇ ಎಂದುಕೊಂಡೆ. ಬೆರಳು ತಡ ಮಾಡಿರಬೇಕು ಎಂದು ಇನ್ನೊಮ್ಮೆ ಗಾಡಿ ಎತ್ತಿದೆ, ಇನ್ನೊಮ್ಮೆ ಅದೇ ಚೀರಾಟ. ‘ಅರೇ ದೇವಾ! ಹೊಸಾ ಗಾಡಿ ಕೊಲ್ತಿಯೇನಲೇ? ಇಳಿ ಕೆಳಗ!’ ಎಂದು ಮಾಲಕರು ಕೂಗಿದರು. ಮಾಮಾ ಮೆತ್ತಗೆ, ‘ಹೋಗ್ಲಿ ಬಿಡ್ರಿ, ಹುಡುಗ ಇನ್ನೂ ಹೊಸಬ’ ಎಂದ. ಆ ಮಾತಿಗೆ ನಾನು, ನಾನು ಎಂಥಾ ಮಬ್ಬ, ಮನಸ್ಸಿನಲ್ಲೇ ಅವನಿಗೆ ಕೈ ಮುಗಿದೆ.

ಜಾಗ ಬದಲಾಯಿತು. ಈಗ ಸ್ಟೇರಿಂಗಿಗೆ ಮಾಮಾ. ಒಂದು, ಎರಡು, ಮೂರು, ನಾಲ್ಕು. ನನ್ನ ಕಣ್ಣು ಅವನ ಎಡಗೈ ಮೇಲೆಯೇ ಇತ್ತು, ನಾನೆಲ್ಲಿ ತಪ್ಪಿದೆ ಎಂದು ತಿಳಿಯಬೇಕಿತ್ತಲ್ಲ. ಗಾಡಿ ನಾಲ್ಕರಲ್ಲಿ ಎಳೆಯುತ್ತಿರುವಾಗಲೇ, ಕ್ಲಚ್ ಒತ್ತುವ ಮೊದಲೇ, ಅವನ ಬೆರಳು ಸ್ವಿಚ್ಚನ್ನು ಮೊಲಕ್ಕೆ ಎತ್ತಿತು. ಆಮೇಲೆ ಕ್ಲಚ್. ಆಮೇಲೆ ಗೇರ್. ಟಿಕ್ ಎಂದು ಕೂಡ ಅನ್ನಲಿಲ್ಲ.

 ತಪ್ಪಿ ಹೇಳಿದ್ದನೇನೋ, ಮರೆತಿದ್ದನೇನೋ ಎಂದು ಅಷ್ಟು ಹೊತ್ತಿನಲ್ಲೂ ಅವನ ಪರವಾಗಿ ನಾನೇ ವಾದ ಮಾಡಿದೆ. ಅಷ್ಟರಲ್ಲಿ ಒಂದು ಏರು ಬಂತು. ಆಮೆಗೆ ಇಳಿಸುವಾಗಲೂ ಸ್ವಿಚ್ಚೇ ಮೊದಲು. ಅವನಿಗೆ ಎಲ್ಲಾ ಗೊತ್ತಿತ್ತು. ನಾನು ನೋಡುತ್ತಿರುವುದೂ ಗೊತ್ತಿತ್ತು. ಖಾನಾಪುರ ಬರುವ ತನಕ ಅವನ ಕತ್ತು ನನ್ನ ಕಡೆ ಹೊರಳಲಿಲ್ಲ. ನಂಬಿಸಿ ಕತ್ತು ಕೊಯ್ಯುವುದು ಎಂದು ಜನ ಎಷ್ಟು ಸಸಾರವಾಗಿ ಅನ್ನುತ್ತಾರೆ! ನನ್ನ ಕೈಯ ಮೇಲೆ ಕೈ ಇಟ್ಟು ಕೊಯ್ದಿದ್ದ ಅವನು.

ಗೋದಾಮಿನ ಮುಂದೆ ಮಾಲಕರು ಕೀಲಿಯನ್ನು ಮಾಮಾನ ಕೈಗೆ ಕೊಟ್ಟು, ‘ಇನ್ನ ಈ ಗಾಡಿ ನಿಂದ. ಹಳೇದು ಅವ ಹೊಡೀಲಿ’ ಎಂದು ಫೋನ್ ಹಿಡಿದು ಆಚೆ ಹೋದರು. ನಾನು ಮಾಮಾನ ರಟ್ಟೆ ಹಿಡಿದು ಗಾಡಿಯ ಹಿಂದಕ್ಕೆ ಎಳೆದೊಯ್ದೆ. ಜನ್ಮದಲ್ಲಿ ಅವನ ಮೇಲೆ ಕೈ ಮಾಡಿದವನಲ್ಲ.

‘ನನಗ ಹೇಳಿದ್ದೇನು, ನೀ ಮಾಡಿದ್ದೇನು ಮಾಮಾ?’

ಅವನು ಪ್ಯಾಂಟು ಮೇಲಕ್ಕೆ ಸರಿಸಿದ. ಮೊಣಕಾಲು ಊದಿ ಕುಂಬಳಕಾಯಿ ಆಗಿತ್ತು. ‘ಹಳೇ ಗಾಡಿ ಕ್ಲಚ್ ಇನ್ನ ನನ್ನಿಂದ ಒತ್ತಾಕ ಆಗಂಗಿಲ್ಲ. ನೀ ಬ್ಯಾರೆ ಗಾಡಿಗೆ ಹ್ವಾದ್ರ ನನ್ನ ಗಾಡಿ ಹೊಡಿಯಾವ್ರು ಯಾರು? ಮಾಲಕ್ರಿಗೆ ಗೊತ್ತಾಗಿ ಮನಿಗೆ ಕಳಸ್ತಾರ.’

‘ನನ್ನ ಕೇಳಿದ್ರ ನಾ ಕೊಡ್ತಿದ್ದಿಲ್ಲೇನು? ಒಂದ್ ಮಾತು ಕೇಳಿದ್ರ?’  ಖರೇ ಹೇಳುತ್ತೇನೆ, ಕೊಡುತ್ತಿದ್ದೆ. ಬೈದುಕೊಂಡು, ಮುಖ ಊದಿಸಿಕೊಂಡು, ಆದರೂ ಕೊಡುತ್ತಿದ್ದೆ. ನನಗೆ ಅನ್ನ ಹಾಕಿದವನ ಕಾಲು ಅದು.

ಅವನು ಪ್ಯಾಂಟು ಕೆಳಗಿಳಿಸಿ, ‘ಕೇಳಬೇಕಾದವರನ್ನ ಕೇಳೇನಿ’ ಎಂದು ಕುಂಟುತ್ತ ಮಾಲಕರ ಕಡೆ ನಡೆದ.

ನನ್ನ ತಲೆ ಸುಡುತ್ತಿತ್ತು. ಗೋದಾಮಿನಿಂದ ನಮ್ಮ ಮನೆ ದೂರವಿಲ್ಲ, ನಡೆದೇ ಹೋದೆ. ಅವ್ವನ ಮುಂದೆ ಎಲ್ಲಾ ಬಿಚ್ಚಿ ಹೇಳಬೇಕು, ತನ್ನ ತಮ್ಮನ ಗುಣ ಎಂಥದೆಂದು ಅವಳಿಗೂ ತಿಳಿಯಲಿ, ಅವನು ಇನ್ನೊಮ್ಮೆ ಈ ಹೊಸ್ತಿಲು ತುಳಿಯಬಾರದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಿಂತಲ್ಲೇ ಹೇಳಿದೆ, ಸ್ವಿಚ್ಚು, ಆಮೆ, ಮೊಲ, ಜಗ್ಗಿ ನಿಂತ ಗಾಡಿ, ಮಾಲಕರ ಬೈಗಳು, ಎಲ್ಲಾ. ಅವಳು ರೊಟ್ಟಿ ತಿರುವಿ ಹಾಕಿದಳು, ಹಸಿಬಟ್ಟೆಯಿಂದ ಒತ್ತಿದಳು.

‘ಕುಂದರು. ಉಣ್ಣು ಮೊದ್ಲ’ ಎಂದಳು.

ಅಷ್ಟು ಶಾಂತವಾಗಿ ಅಂದದ್ದಕ್ಕೆ, ಅವಳಿಗೆ ಇದೆಲ್ಲ ಮೊದಲೇ ಗೊತ್ತಿತ್ತೆಂದು ನನಗೆ ತಿಳಿಯಿತು. ಕೂತೆ.

‘ಮೊನ್ನಿ ಬಂದಿದ್ದ’ ಎಂದಳು ಅವ್ವ, ಹಂಚಿನ ಕಡೆ ನೋಡುತ್ತ. ‘ಕಾಲು ತೋರಿಸಿ ಅತ್ತ. ಅಕ್ಕಾ, ಆ ಗಾಡಿ ನನಗಿರ್ಲಿ ಅಂದ. ಹೂಂ ಅಂದ್ನಿ. ನಿನಗಿನ್ನೂ ವಯಸ್ಸೈತಿ, ಅವಂಗೆಲ್ಲೈತಿ?’

‘ತಪ್ಪು ಕಲಸ್ತೀನಿ ಅಂತನೂ ಹೇಳಿದ್ನೇನು?’

‘ಅದೆಲ್ಲಾ ನನಗೇನ್ ತಿಳೀತೈತಿ? ತನ್ನ ಕೈಲೇ ಆಗ್ಲಿಲ್ಲ ಅನಿಸಿದ್ರ ಹುಡುಗ ಯಾರ ಮ್ಯಾಲೂ ಸಿಟ್ಟಾಗಂಗಿಲ್ಲ, ಹಂಗ ಮಾಡ್ತೀನಿ ಅಕ್ಕಾ ಅಂದ. ಮನಸ್ಸು ನೋಯಬಾರ್ದಂತ ಅಂದಾನ, ಪಾಪ.’

ಅದೇ ದಿನ ಬೆಳಿಗ್ಗೆ ಗಾಡಿ ಎತ್ತುವ ಮೊದಲು ಅವ್ವನಿಗೆ ಫೋನ್ ಮಾಡಿದ್ದೆ. ‘ಹುಷಾರಿಂದ ಹೋಗಪ್ಪಾ, ದೇವರು ಒಳ್ಳೇದ್ ಮಾಡ್ತಾನ’ ಎಂದಿದ್ದಳು. ಎಲ್ಲಾ ಗೊತ್ತಿದ್ದೂ ಎಂದಿದ್ದಳು.  ಅಡ್ಡಾದಲ್ಲಿ ಎಲ್ಲರೂ ನನ್ನನ್ನು ದಡ್ಡ ಎಂದು ನಗಲಿ, ನಾನೂ ನನ್ನನ್ನು ದಡ್ಡ ಎಂದುಕೊಂಡು ಬದುಕಲಿ ಎಂದು ಅಕ್ಕ ತಮ್ಮ ಕೂಡಿ ಪ್ರೀತಿಯಿಂದ ಮಾತು ಮುಗಿಸಿದ್ದರು.

‘ನನ್ನ ಒಂದ್ ಮಾತು ಕೇಳಬೇಕಿತ್ತವ್ವಾ’ ಎಂದೆ.

ಅವ್ವ ಮೊದಲ ಸಲ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಅಳುಕು ಇರಲಿಲ್ಲ, ನನ್ನ ಮಾತು ಅರ್ಥವಾಗದ ಬೆರಗು ಇತ್ತು.

‘ನಿನ್ನನ್ನೇನು ಕೇಳೂದು?’ ಎಂದಳು. ‘ನೀ ನನ್ನ ಮಗ ಅಲ್ಲೇನು?’